ಮೊಡವೆ ಹೋದರೂ ಕಲೆ ಉಳಿದವರಿಗೆ: ಅಜೆಲಾಯಿಕ್ ಆಮ್ಲ ಬಳಸುವ ಕ್ರಮ

ಮೊಡವೆ ಎಂಟು ಹತ್ತು ದಿನ ಇದ್ದು ಹೋಗುತ್ತದೆ; ಅದು ಬಿಟ್ಟುಹೋದ ಕಪ್ಪು ಕಲೆ ಎಷ್ಟೋ ಸಲ ಎಂಟು ತಿಂಗಳಾದರೂ ಕದಲುವುದಿಲ್ಲ. ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ನಮ್ಮಲ್ಲಿ ಕಾಣುವ ಚರ್ಮದ ಸ್ವಭಾವವೇ ಅಂಥದ್ದು. ಒಂದು ಸೊಳ್ಳೆ ಕಡಿತ, ಒಂದು ಗೀರು, ಚಿವುಟಿದ ಒಂದು ಮೊಡವೆ ಸಾಕು, ಆ ಜಾಗದ ಬಣ್ಣದ ಕೋಶಗಳು ಕೆರಳಿ, ಬೇಕಾದುದಕ್ಕಿಂತ ಹೆಚ್ಚು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚಿಬಿಡುತ್ತವೆ. ಹೀಗಾಗಿ ಮೊಡವೆಗೆಂದು ಚರ್ಮವೈದ್ಯರ ಬಳಿ ಹೋಗುವವರನ್ನು ನಿಜವಾಗಿ ಕಾಡುತ್ತಿರುವುದು ಬಹಳ ಸಲ ಮೊಡವೆಯ ಗುರುತು. ಮೊಡವೆ ಮತ್ತು ಗುರುತು ಎರಡರ ಮೇಲೂ ಕೆಲಸ ಮಾಡುವ ಲೇಪನಗಳು ಹೆಚ್ಚಿಲ್ಲ. ಇರುವ ಕೆಲವುಗಳಲ್ಲಿ ಅಜೆಲಾಯಿಕ್ ಆಮ್ಲ ಒಂದು. ಅದರ ದೊಡ್ಡ ಕೊರತೆ ಅದರ ನಿಧಾನ. ಹದಿನೈದು ದಿನ ಹಚ್ಚಿ, ಕನ್ನಡಿಯಲ್ಲಿ ಬದಲಾವಣೆ ಕಾಣದೆ, ಟ್ಯೂಬನ್ನು ಕಪಾಟಿನ ಮೂಲೆಗೆ ತಳ್ಳಿ ಬೇರೊಂದನ್ನು ಹುಡುಕಿ ಹೊರಟವರು ಅದಕ್ಕೆ ಕೆಲಸ ಮಾಡುವಷ್ಟು ಸಮಯವನ್ನೇ ಕೊಟ್ಟಿರುವುದಿಲ್ಲ. ಅದನ್ನು ಆರಿಸುವುದರಿಂದ ಹಿಡಿದು ನಿಲ್ಲಿಸುವವರೆಗಿನ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಚಿಬ್ಬಿನಿಂದ ಸಿಕ್ಕ ಔಷಧ

ಎದೆ, ಬೆನ್ನು, ಕತ್ತಿನ ಮೇಲೆ ಬಿಳಿಚಿದ ಮಚ್ಚೆಗಳಾಗಿ ಹರಡುವ ಚಿಬ್ಬು ನಮಗೆಲ್ಲ ಗೊತ್ತಿರುವ ತೊಂದರೆ. ಅದನ್ನು ಉಂಟುಮಾಡುವುದು ಮಲಸೀಝಿಯಾ ಎಂಬ, ಎಲ್ಲರ ಚರ್ಮದ ಮೇಲೂ ಇರುವ ಒಂದು ಶಿಲೀಂಧ್ರ. 1970ರ ದಶಕದಲ್ಲಿ ರೋಮ್ ನಗರದ ಮಾರ್ಚೆಲ್ಲಾ ನಝಾರೋ-ಪೊರ್ರೋ ಮತ್ತು ಸೀರೋ ಪಾಸ್ಸಿ ಎಂಬ ಸಂಶೋಧಕರು, ಚಿಬ್ಬು ಎದ್ದ ಜಾಗದಲ್ಲಿ ಚರ್ಮದ ಬಣ್ಣ ಏಕೆ ತಗ್ಗುತ್ತದೆ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದರು. ಈ ಶಿಲೀಂಧ್ರವು ಚರ್ಮದ ಜಿಡ್ಡಿನಲ್ಲಿರುವ ಕೊಬ್ಬಿನ ಆಮ್ಲಗಳನ್ನು ಒಡೆದಾಗ ಹುಟ್ಟುವ ಕೆಲವು ಆಮ್ಲಗಳು, ಮೆಲನಿನ್ ತಯಾರಿಕೆಗೆ ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ ಎಂದು ಅವರು 1978ರಲ್ಲಿ ಪ್ರಕಟಿಸಿದರು. ಆ ಆಮ್ಲಗಳ ಪೈಕಿ ಒಂದು, ಒಂಬತ್ತು ಇಂಗಾಲದ ಸರಪಳಿಯ ಅಜೆಲಾಯಿಕ್ ಆಮ್ಲ. ಅಮೆರಿಕದಲ್ಲಿ ಶೇಕಡಾ 20ರ ಕ್ರೀಮಿಗೆ ಮೊಡವೆಯ ಔಷಧವಾಗಿ 1995ರಲ್ಲಿ, ಶೇಕಡಾ 15ರ ಜೆಲ್‌ಗೆ ಮುಖ ಪದೇಪದೇ ಕೆಂಪಾಗುವ ರೊಸೇಶಿಯಾ ಎಂಬ ಕಾಯಿಲೆಯ ಔಷಧವಾಗಿ 2002ರಲ್ಲಿ ಅನುಮತಿ ದೊರೆಯಿತು.

ಈ ಕಥೆಯನ್ನು ಕೇಳಿದವರಿಗೆ, ಹಚ್ಚಿದರೆ ನಮ್ಮ ಮುಖದ ಮೇಲೂ ಚಿಬ್ಬಿನಂತೆ ಬಿಳಿ ಮಚ್ಚೆ ಏಳಬಹುದೇ ಎಂಬ ಸಂಶಯ ಬರುವುದು ಸಹಜ. ಅಜೆಲಾಯಿಕ್ ಆಮ್ಲ ಮುಖ್ಯವಾಗಿ ಎರಗುವುದು ಮಿತಿಮೀರಿ ದುಡಿಯುತ್ತಿರುವ ಬಣ್ಣದ ಕೋಶಗಳ ಮೇಲೆ. ನೆಮ್ಮದಿಯಾಗಿರುವ ಕೋಶಗಳನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಹಚ್ಚಿದ ಜಾಗ ತಿಳಿಯಾದ ಪ್ರಕರಣಗಳು ವಿರಳವಾಗಿ ವರದಿಯಾಗಿರುವುದರಿಂದ ಗಮನವಿಡುವುದು ಒಳ್ಳೆಯದು, ಹೆದರಬೇಕಾಗಿಲ್ಲ. ಇದೇ ಕಾರಣಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬೆಳ್ಳಗೆ ಮಾಡಲು ಇದು ಬರುವುದಿಲ್ಲ. ಆ ಆಸೆಯಿಂದ ಕೊಳ್ಳುವವರು ಹಣವನ್ನು ಉಳಿಸಿಕೊಳ್ಳಬಹುದು.

ಬಣ್ಣದ ಕೋಶಗಳ ಕೆಲಸದ ಆಚೆಗೆ ಇದಕ್ಕೆ ಇನ್ನೂ ಮೂರು ಗುಣಗಳಿವೆ. ಮೊಡವೆಯ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ, ಹಾಗೂ ಆಂಟಿಬಯೋಟಿಕ್ ಜೆಲ್‌ಗಳಲ್ಲಿ ಆಗುವಂತೆ ಬ್ಯಾಕ್ಟೀರಿಯಾಗಳು ಇದಕ್ಕೆ ಒಗ್ಗಿಹೋಗುವ ತೊಡಕು ಇದರಲ್ಲಿ ಕಂಡುಬಂದಿಲ್ಲ. ರೋಮರಂಧ್ರದ ಬಾಯಲ್ಲಿ ಸತ್ತ ಕೋಶಗಳು ಗಂಟುಕಟ್ಟುವುದನ್ನು ಕಡಿಮೆ ಮಾಡುತ್ತದೆ. ಉರಿಯೂತವನ್ನು ತಗ್ಗಿಸುತ್ತದೆ, ಕೆಂಪಾದ ಮೊಡವೆಗೂ ರೊಸೇಶಿಯಾಕ್ಕೂ ಒದಗುವುದು ಈ ಗುಣದಿಂದಲೇ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಈ ಆಮ್ಲ ಸಹಜವಾಗಿಯೇ ಇದೆ ಎಂಬ ಮಾತನ್ನು ಜಾಹೀರಾತುಗಳು ದೊಡ್ಡದಾಗಿ ಹೇಳುತ್ತವೆ; ಅದು ನಿಜವೇ ಆದರೂ ಚಪಾತಿ ತಿಂದರೆ ಕಲೆ ಹೋಗದು, ಮುಖಕ್ಕೆ ಗೋಧಿಹಿಟ್ಟು ಕಲಸಿ ಹಚ್ಚಿದರೂ ಹೋಗದು.

ಮೊದಲ ಹಂತ: ಕಲೆ ಯಾವುದೆಂದು ಗುರುತಿಸುವುದು

ಅಂಗಡಿಗೆ ಹೋಗುವ ಮೊದಲು, ಬೆಳಗಿನ ಬೆಳಕು ಬೀಳುವ ಕಿಟಕಿಯ ಬಳಿ ಕನ್ನಡಿ ಹಿಡಿದು ಐದು ನಿಮಿಷ ನಿಲ್ಲಿ. ಇಡೀ ಪ್ರಯತ್ನದ ಫಲ ನಿರ್ಧಾರವಾಗುವುದು ಇಲ್ಲೇ.

ಮೊಡವೆ ಇದ್ದ ಜಾಗದಲ್ಲೇ ಉಳಿದ, ಸಮತಟ್ಟಾದ ಕಂದು ಚುಕ್ಕೆಗಳಾದರೆ ಅಜೆಲಾಯಿಕ್ ಆಮ್ಲಕ್ಕೆ ಅವು ಒಗ್ಗುವ ಸಾಧ್ಯತೆ ಚೆನ್ನಾಗಿದೆ. ಸಣ್ಣ ಮತ್ತು ಮಧ್ಯಮ ಗಾತ್ರದ ಕೆಂಪು ಮೊಡವೆಗಳೂ, ಬಿಳಿ ತಲೆ, ಕಪ್ಪು ತಲೆಯ ಮುಚ್ಚಿದ ರಂಧ್ರಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಎರಡು ಕೆನ್ನೆಗಳ ಮೇಲೂ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ, ಮೂಗಿನ ಮೇಲೆ, ಹಣೆಯ ಮೇಲೆ ಹರಡಿದ ಕಂದು ಮಚ್ಚೆ ಬಂಗು ಆಗಿರಬಹುದು. ಬಸಿರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ, ಬಿಸಿಲಿನಲ್ಲಿ ದುಡಿಯುವಾಗ ಇದು ಹೆಚ್ಚುತ್ತದೆ. ಬಂಗಿನ ಮೇಲೆ ಶೇಕಡಾ 20ರ ಅಜೆಲಾಯಿಕ್ ಕ್ರೀಮನ್ನು ಕಪ್ಪು ಕಲೆಗೆ ಹಚ್ಚುವ ಇನ್ನೊಂದು ಔಷಧವಾದ ಶೇಕಡಾ 4ರ ಹೈಡ್ರೊಕ್ವಿನೋನ್ ಜೊತೆ ಹೋಲಿಸಿದ, 1991ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. 329 ಮಹಿಳೆಯರು 24 ವಾರ ಪಾಲ್ಗೊಂಡಿದ್ದ ಅದರಲ್ಲಿ ಅಜೆಲಾಯಿಕ್ ಗುಂಪಿನ ಸುಮಾರು ಶೇಕಡಾ 65 ಮಂದಿಗೆ ಒಳ್ಳೆಯ ಫಲ ಸಿಕ್ಕಿತು, ಎರಡು ಔಷಧಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೈಡ್ರೊಕ್ವಿನೋನನ್ನು ದೀರ್ಘಕಾಲ ಹಚ್ಚಿದರೆ ಚರ್ಮ ನೀಲಿಗಪ್ಪಾಗುವ ಅಪಾಯವಿರುವುದರಿಂದ ಈ ಸಮಬಲಕ್ಕೆ ಬೆಲೆ ಹೆಚ್ಚು. 24 ವಾರ ಎಂಬ ಅವಧಿಯನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂಗು, ಕೆನ್ನೆಗಳು ಪದೇಪದೇ ಬಿಸಿಯೇರಿ ಕೆಂಪಾಗುವುದು, ಜೊತೆಗೆ ಮೊಡವೆಯಂಥ ಗುಳ್ಳೆ ಏಳುವುದು ರೊಸೇಶಿಯಾದ ಲಕ್ಷಣ. ಇದು ಬಿಳಿಯರ ಕಾಯಿಲೆ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಕಂದು ಚರ್ಮದಲ್ಲಿ ಕೆಂಪು ಎದ್ದುಕಾಣದ ಕಾರಣವೂ ಸೇರಿ, ನಮ್ಮಲ್ಲಿ ಅದನ್ನು ಮೊಡವೆಯೆಂದೇ ತಿಳಿದು ವರ್ಷಗಟ್ಟಲೆ ತಪ್ಪು ಔಷಧ ಹಚ್ಚುವುದುಂಟು.

ಇನ್ನು ಇದು ಕೆಲಸಕ್ಕೆ ಬಾರದ ಸಂದರ್ಭಗಳು. ಮೊಡವೆಯಿಂದ ಬಿದ್ದ ಗುಳಿಗಳನ್ನು ಯಾವ ಕ್ರೀಮೂ ತುಂಬಲಾರದು. ಚರ್ಮದ ಆಳದಲ್ಲಿ ನೋವಿನಿಂದ ಕೂಡಿದ ಗಂಟುಗಳಿದ್ದರೆ ಇದೊಂದೇ ಸಾಲದು, ವೈದ್ಯರು ಬೇಕು. ಬೂದು ಅಥವಾ ನೀಲಿ ಛಾಯೆಯ ಕಲೆಗಳಲ್ಲಿ ಬಣ್ಣ ಆಳಕ್ಕೆ ಇಳಿದಿರುತ್ತದೆ. ಕುಂಕುಮವಿಡುವ ಜಾಗ ಅಥವಾ ತಲೆಗೆ ಬಣ್ಣ ಹಚ್ಚಿದಾಗ ತಾಗುವ ಹಣೆಯ ಅಂಚು ಕಪ್ಪಾಗಿದ್ದರೆ ಆ ಕುಂಕುಮದ, ಆ ಬಣ್ಣದ ಅಲರ್ಜಿಯನ್ನು ಮೊದಲು ಅನುಮಾನಿಸಬೇಕು. ಕಾರಣವನ್ನು ಬಿಡದೆ ಔಷಧ ಹಚ್ಚುವುದು ನಲ್ಲಿ ತಿರುಗಿಸದೆ ನೆಲ ಒರೆಸಿದಂತೆ. ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಅದು ಹಲವು ಬಾರಿ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ. ಅಂಥವರು ಕ್ರೀಮು ಕೊಳ್ಳುವ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಣೆಯ ಮೇಲಷ್ಟೇ ಸಣ್ಣ ಮೊಡವೆಗಳು ತುಂಬಿದ್ದು, ದಿನವೂ ತಲೆಗೆ ಎಣ್ಣೆ ಹಚ್ಚುವ ರೂಢಿಯಿದ್ದರೆ, ಒಂದು ತಿಂಗಳು ಎಣ್ಣೆ ಹಣೆಗಿಳಿಯದಂತೆ ನೋಡಿಕೊಳ್ಳಿ. ಔಷಧವೇ ಬೇಡವಾಗಬಹುದು.

ಎರಡನೆಯ ಹಂತ: 10, 15, 20ರಲ್ಲಿ ಯಾವುದು?

ಮಾರುಕಟ್ಟೆಯಲ್ಲಿ ಶೇಕಡಾ 10, 15 ಮತ್ತು 20ರ ಬಲದಲ್ಲಿ ಅಜೆಲಾಯಿಕ್ ಆಮ್ಲ ದೊರೆಯುತ್ತದೆ. ಸೌಂದರ್ಯಸಾಧನವಾಗಿ ಮಾರುವ ಸೀರಮ್, ಸಸ್ಪೆನ್ಷನ್‌ಗಳು ಸಾಮಾನ್ಯವಾಗಿ ಶೇಕಡಾ 10ರವು. ಔಷಧದ ಅಂಗಡಿಯಲ್ಲಿ ಸಿಗುವವುಗಳಲ್ಲಿ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಅಜಿಡರ್ಮ್ ಪರಿಚಿತ ಹೆಸರು. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಶೇಕಡಾ 15 ಮತ್ತು 20ರದಕ್ಕೆ ವೈದ್ಯರ ಚೀಟಿ ಪಡೆಯಬೇಕು. 10ರದು ಅಲ್ಲಿ ನೇರವಾಗಿ ಸಿಗುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಫಲ ಹೆಚ್ಚು ಎಂಬ ಲೆಕ್ಕಾಚಾರ ಇಲ್ಲಿ ತಪ್ಪುತ್ತದೆ. ಅಜೆಲಾಯಿಕ್ ಆಮ್ಲ ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು. ತಣ್ಣನೆಯ ಒಂದು ಲೀಟರ್ ನೀರಿನಲ್ಲಿ ಎರಡೂವರೆ ಗ್ರಾಂನಷ್ಟೂ ಕರಗುವುದಿಲ್ಲ. ಆದ್ದರಿಂದ ಅದು ಕ್ರೀಮಿನೊಳಗೆ ಸಣ್ಣ ಹರಳುಗಳಾಗಿ ಉಳಿದಿರುತ್ತದೆ, ಮತ್ತು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂಬುದು ಹರಳಿನ ಗಾತ್ರವನ್ನೂ ಅದನ್ನು ಹೊತ್ತ ದ್ರವ್ಯವನ್ನೂ ಅವಲಂಬಿಸಿರುತ್ತದೆ. ಚೆನ್ನಾಗಿ ರೂಪಿಸಿದ ಶೇಕಡಾ 15ರ ಜೆಲ್, ಶೇಕಡಾ 20ರ ಕ್ರೀಮಿಗಿಂತ ಹೆಚ್ಚು ಆಮ್ಲವನ್ನು ಚರ್ಮದೊಳಕ್ಕೆ ಮುಟ್ಟಿಸುತ್ತದೆ ಎಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಕೆಲವು ಉತ್ಪನ್ನಗಳು ಬೆರಳಿಗೆ ಮರಳಿನಂತೆ ತಾಕುವುದು, ಹಚ್ಚಿ ಉಜ್ಜಿದರೆ ರಬ್ಬರಿನ ಪುಡಿಯಂತೆ ಉರುಳೆಗಟ್ಟುವುದು ಕರಗದ ಈ ಗುಣದಿಂದಲೇ. ಪುಡಿಯನ್ನೇ ತರಿಸಿ ಮನೆಯಲ್ಲಿ ಲೋಳೆಸರಕ್ಕೋ ಗುಲಾಬಿ ನೀರಿಗೋ ಬೆರೆಸಿ ಹಚ್ಚುವ ಸಲಹೆಗಳು ಈಗ ಅಲ್ಲಲ್ಲಿ ಹರಿದಾಡುತ್ತಿವೆ. ಅದು ಕರಗುವುದಿಲ್ಲ, ಬಲ ಎಷ್ಟಾಯಿತೆಂದು ತಿಳಿಯುವುದೂ ಇಲ್ಲ. ದಯವಿಟ್ಟು ಮಾಡಬೇಡಿ.

ಮೊದಲ ಬಾರಿಗೆ ಹಚ್ಚುವವರು, ಬೇಗ ಉರಿಯುವ ಚರ್ಮದವರು 10ರಿಂದ ತೊಡಗುವುದು ಸರಿ. ಬಂಗಿಗೆ ವೈದ್ಯರು ಸಾಮಾನ್ಯವಾಗಿ 20ನ್ನು, ರೊಸೇಶಿಯಾಕ್ಕೆ 15ರ ಜೆಲ್ಲನ್ನು ಬರೆದುಕೊಡುತ್ತಾರೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಬೆವರುವ, ಜಿಡ್ಡು ಮುಖದವರಿಗೆ ಜೆಲ್ ಹಿತ. ಒಣಚರ್ಮದವರಿಗೆ, ರಾಯಚೂರು, ಕಲಬುರಗಿಯ ಒಣಹವೆಯಲ್ಲಿರುವವರಿಗೆ ಕ್ರೀಮು ಒಗ್ಗುತ್ತದೆ. ಹೆಸರಿನ ಪಕ್ಕದಲ್ಲಿ ಪೊಟ್ಯಾಸಿಯಂ ಅಜೆಲಾಯಿಲ್ ಡೈಗ್ಲೈಸಿನೇಟ್ ಎಂದು ಇದ್ದರೆ ಅದು ಅಜೆಲಾಯಿಕ್ ಆಮ್ಲದಿಂದ ತಯಾರಿಸಿದ, ನೀರಿನಲ್ಲಿ ಕರಗುವ ಬೇರೆಯೇ ವಸ್ತು. ಅದು ಸೌಮ್ಯವಾದದ್ದು, ಆದರೆ ಮೂಲ ಆಮ್ಲದ ಬಗ್ಗೆ ಇರುವಷ್ಟು ಪರೀಕ್ಷೆಗಳ ಬಲ ಅದಕ್ಕಿಲ್ಲ.

ಮೂರನೆಯ ಹಂತ: ಪರೀಕ್ಷೆ, ನಂತರ ಮೊದಲ ತಿಂಗಳು

ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಉದ್ದಿನ ಕಾಳಿನಷ್ಟು ಔಷಧವನ್ನು ಮೂರು ರಾತ್ರಿ ಸತತವಾಗಿ ಹಚ್ಚಿ ನೋಡಿ. ಸ್ವಲ್ಪ ಚುರುಗುಟ್ಟುವುದು ಸಹಜ. ದದ್ದು ಎದ್ದರೆ, ಊತ ಬಂದರೆ ಅಲ್ಲಿಗೆ ನಿಲ್ಲಿಸಬೇಕು.

ಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೆ ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ ಹಚ್ಚಿ. ಮೂರನೆಯ ವಾರದಿಂದ ಪ್ರತಿ ರಾತ್ರಿ. ಒಂದು ತಿಂಗಳು ಸಲೀಸಾಗಿ ಕಳೆದರೆ ಬೆಳಗ್ಗೆಯೂ ಹಚ್ಚಬಹುದು. ಔಷಧವಾಗಿ ಇದನ್ನು ಪರೀಕ್ಷಿಸಿದ್ದು ಬಹುತೇಕ ದಿನಕ್ಕೆರಡು ಬಾರಿಯ ಲೆಕ್ಕದಲ್ಲಿ. ವೈದ್ಯರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಮುಖ ಬಹಳ ಸೂಕ್ಷ್ಮವಾಗಿದ್ದರೆ ಇನ್ನೊಂದು ಉಪಾಯವಿದೆ: ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದುಬಿಡುವುದು, ಆಮೇಲೆ ದಿನದಿಂದ ದಿನಕ್ಕೆ ಆ ಅವಧಿಯನ್ನು ಹೆಚ್ಚಿಸುತ್ತ ಹೋಗುವುದು.

ಐಬ್ರೋ ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಮಾಡಿಸಿಕೊಂಡ ಮೇಲೆ ಎರಡು ಮೂರು ದಿನ ಆ ಜಾಗಕ್ಕೆ ಹಚ್ಚಬಾರದು. ಬೆಳಗ್ಗೆ ಗಡ್ಡ ಹೆರೆಯುವವರು ರಾತ್ರಿಗೆ ಹಚ್ಚಿಕೊಂಡರೆ ಉರಿ ಕಡಿಮೆ.

ನಾಲ್ಕನೆಯ ಹಂತ: ಎಷ್ಟು, ಹೇಗೆ

ಸೌಮ್ಯವಾದ ಫೇಸ್‌ವಾಷ್‌ನಿಂದ ಮುಖ ತೊಳೆದು, ಒರಟಾಗಿ ಒರೆಸದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಚರ್ಮ ಪೂರ್ತಿ ಒಣಗಲಿ. ಹಸಿ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು.

ಇಡೀ ಮುಖಕ್ಕೆ ಒಂದು ಬಾರಿಗೆ ಬೇಕಾದುದು ಸುಮಾರು ಅರ್ಧ ಗ್ರಾಂ, ಎಂದರೆ ತೋರುಬೆರಳಿನ ಕೊನೆಯ ಗೆಣ್ಣಿನುದ್ದಕ್ಕೆ ಹಿಂಡಿದ ಒಂದು ಎಳೆ, ಎರಡೂವರೆ ಸೆಂಟಿಮೀಟರಿನಷ್ಟು. ಈ ಅಳತೆಯಿಂದ ಒಂದು ಸರಳ ಲೆಕ್ಕ ಸಿಗುತ್ತದೆ. 15 ಗ್ರಾಂನ ಟ್ಯೂಬು ದಿನಕ್ಕೊಮ್ಮೆ ಹಚ್ಚಿದರೆ ಒಂದು ತಿಂಗಳು, ಎರಡು ಬಾರಿ ಹಚ್ಚಿದರೆ ಹದಿನೈದು ದಿನ ಬರಬೇಕು. ಒಂದೇ ಟ್ಯೂಬು ನಾಲ್ಕು ತಿಂಗಳು ಬಂದಿತೆಂದು ಸಂತೋಷಪಡುವವರು, ಔಷಧ ನಾಟಲಿಲ್ಲವೆಂದು ದೂರುವ ಮೊದಲು ಈ ಲೆಕ್ಕವನ್ನು ನೋಡಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ದುಬಾರಿ ಕ್ರೀಮನ್ನು ದೇವರ ಗಂಧದಂತೆ ಚುಕ್ಕೆಚುಕ್ಕೆಯಾಗಿ ಮುಟ್ಟಿಸಿ ಉಳಿಸುವ ರೂಢಿಯಿದೆ. ಕೊಳ್ಳುವಾಗಲೇ ಆರು ತಿಂಗಳ ಖರ್ಚನ್ನು ಕೂಡಿಸಿ ನೋಡಿ, ಅದು ಕೈಗೆ ನಿಲುಕುವ ಬೆಲೆಯದ್ದನ್ನೇ ಆರಿಸಿಕೊಳ್ಳುವುದು ಜಾಣತನ.

ಹಣೆ, ಎರಡು ಕೆನ್ನೆ, ಮೂಗು, ಗದ್ದದ ಮೇಲೆ ಐದು ಬೊಟ್ಟಿಟ್ಟು, ತೆಳುವಾದ ಪದರವಾಗಿ ಹರಡಿ. ಮೊಡವೆಗಾದರೆ ಎದ್ದಿರುವ ಮೊಡವೆಯ ಮೇಲಷ್ಟೇ ಹಚ್ಚಿದರೆ ಸಾಲದು, ಮೊಡವೆ ಏಳುವ ಇಡೀ ಪ್ರದೇಶಕ್ಕೆ ಹಚ್ಚಬೇಕು. ಕಣ್ಣಿಗೆ ಕಾಣದಂತೆ ಮುಚ್ಚಿಕೊಳ್ಳುತ್ತಿರುವ ರಂಧ್ರಗಳೇ ಮುಂದಿನ ವಾರದ ಮೊಡವೆಗಳು. ಕಣ್ಣಿನ ಸುತ್ತ, ತುಟಿಯ ಅಂಚು, ಮೂಗಿನ ಹೊಳ್ಳೆಯ ಮೂಲೆಗಳನ್ನು ಬಿಡಿ. ಕಣ್ಣಿನ ಕೆಳಗಿನ ಕಪ್ಪಿಗೆ ಇದನ್ನು ಹಚ್ಚುವುದು ಬೇಡ, ಅಲ್ಲಿನ ಚರ್ಮ ಬಹಳ ತೆಳು. ಅಕಸ್ಮಾತ್ ಕಣ್ಣಿಗೆ ತಾಗಿದರೆ ಧಾರಾಳವಾಗಿ ನೀರಿನಿಂದ ತೊಳೆಯಿರಿ, ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಹಚ್ಚಿದ ಕೈಗಳನ್ನೂ ತೊಳೆಯಿರಿ.

ಹತ್ತು ನಿಮಿಷದ ನಂತರ ಮಾಯಿಶ್ಚರೈಸರ್. ಉರಿ ಜಾಸ್ತಿ ಎನಿಸುವವರು ಈ ಕ್ರಮವನ್ನು ತಿರುಗಿಸಿ, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಅಜೆಲಾಯಿಕ್ ಹಚ್ಚಬಹುದು. ಉರುಳೆಗಟ್ಟುವ ಉತ್ಪನ್ನವಾದರೆ ಪದರಗಳ ನಡುವೆ ಹೆಚ್ಚು ಸಮಯ ಕೊಡಿ, ಉಜ್ಜುವ ಬದಲು ಬೆರಳಿನಿಂದ ಒತ್ತಿ ಹಚ್ಚಿ.

ತುರಿಕೆ ಬಂದಾಗ

ಅಜೆಲಾಯಿಕ್ ಆಮ್ಲವನ್ನು ಬಿಟ್ಟವರನ್ನು ಏಕೆ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ತುರಿಕೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಆಗಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿದುಹೋಗುವ ಈ ತುರಿಕೆ ಔಷಧದ ಸ್ವಭಾವವೇ ಹೊರತು ಅಲರ್ಜಿಯಲ್ಲ. ಎರಡು ನಾಲ್ಕು ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ. ಅಲ್ಲಿಯವರೆಗೆ ಕೆರೆಯಬಾರದು, ಕೆರೆದರೆ ಹೊಸ ಕಲೆಯನ್ನು ನಾವೇ ತಂದುಕೊಂಡಂತಾಗುತ್ತದೆ. ಬಿಸಿನೀರಿನ ಸ್ನಾನವಾದ ತಕ್ಷಣ, ಅಡುಗೆ ಒಲೆಯ ಮುಂದೆ ನಿಲ್ಲುವ ಮುನ್ನ, ವ್ಯಾಯಾಮಕ್ಕೆ ಮೊದಲು ಹಚ್ಚಿದರೆ ತುರಿಕೆ ಹೆಚ್ಚುತ್ತದೆ. ಫ್ಯಾನಿನ ಕೆಳಗೆ ಕುಳಿತು ಹಚ್ಚುವುದು ಬಾಲಿಶವೆನಿಸಿದರೂ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ.

ಉರಿ ಗಂಟೆಗಟ್ಟಲೆ ಇಳಿಯದಿದ್ದರೆ, ಚರ್ಮ ಸಿಪ್ಪೆಯೇಳುತ್ತಿದ್ದರೆ, ಮೂರು ನಾಲ್ಕು ದಿನ ನಿಲ್ಲಿಸಿ ಮಾಯಿಶ್ಚರೈಸರ್ ಮಾತ್ರ ಬಳಸಿ, ಮತ್ತೆ ದಿನ ಬಿಟ್ಟು ದಿನದ ಕ್ರಮಕ್ಕೆ ಮರಳಿ. ಮುಖ, ರೆಪ್ಪೆ ಊದಿಕೊಂಡರೆ, ಮೈಮೇಲೆ ಗಂಧೆ ಎದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅದು ನಿಜವಾದ ಅಲರ್ಜಿ. ಔಷಧ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು. ಅಸ್ತಮಾ ಉಲ್ಬಣಿಸಿದ ಪ್ರಕರಣಗಳು ವಿರಳವಾಗಿ ವರದಿಯಾಗಿರುವುದರಿಂದ, ಅಸ್ತಮಾ ಇರುವವರು ಆರಂಭಿಸುವ ಮುನ್ನವೇ ವೈದ್ಯರಿಗೆ ತಿಳಿಸುವುದು ಒಳಿತು.

ಬಿಸಿಲಿಗೆ ಮರೆ

ಅಜೆಲಾಯಿಕ್ ಆಮ್ಲವು ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುವುದಿಲ್ಲ, ಹಗಲಿನಲ್ಲಿಯೂ ಹಚ್ಚಬಹುದು. ಹಾಗಾದರೆ ಸನ್‌ಸ್ಕ್ರೀನ್ ಏಕೆ ಬೇಕೆಂದರೆ, ಕಲೆಗೆ ಬೇಕು. ರಾತ್ರಿ ಔಷಧ ತಡೆದ ಬಣ್ಣವನ್ನು ಮಧ್ಯಾಹ್ನದ ಅರ್ಧ ಗಂಟೆಯ ಬಿಸಿಲು ಮತ್ತೆ ತುಂಬಿಸುತ್ತಿದ್ದರೆ ಆರು ತಿಂಗಳಾದರೂ ಲೆಕ್ಕ ಸೊನ್ನೆಗೇ ಬಂದು ನಿಲ್ಲುತ್ತದೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು, ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ತೆಗೆದುಕೊಂಡು ಮುಖ, ಕತ್ತಿಗೆ ಹಚ್ಚಬೇಕು. ಹೊರಗೆ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಇನ್ನೊಂದು ವಿವರ ಮುಖ್ಯ. ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಕೆರಳಿಸುತ್ತದೆ, ಮತ್ತು ಅದನ್ನು ಸಾಮಾನ್ಯ ಸನ್‌ಸ್ಕ್ರೀನ್ ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಹೊಲದಲ್ಲಿ, ರಸ್ತೆಯಲ್ಲಿ ದುಡಿಯುವವರಿಗೆ ಬೆವರಿಗೆ ಕರಗಿಹೋಗುವ ಕ್ರೀಮಿಗಿಂತ ಅಗಲ ಅಂಚಿನ ಟೋಪಿ, ಛತ್ರಿ, ತಲೆಯ ಮೇಲೆ ಮುಂದಕ್ಕೆಳೆದ ಸೆರಗು ಹೆಚ್ಚು ನಂಬಿಕೆಯ ರಕ್ಷಣೆ.

ಜೊತೆಗೆ ಏನಿರಬಹುದು, ಏನು ಬೇಡ

ನಿಯಾಸಿನಮೈಡ್, ಹೈಯಲುರಾನಿಕ್ ಆಮ್ಲ, ಸೆರಮೈಡ್ ಇರುವ ಮಾಯಿಶ್ಚರೈಸರ್‌ಗಳೊಂದಿಗೆ ಇದು ಹೊಂದಿಕೊಳ್ಳುತ್ತದೆ. ವಿಟಮಿನ್ ಎ ಬಳಗದ ಅಡಾಪಲೀನ್, ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್‌ಗಳ ಜೊತೆಯೂ ಒಳ್ಳೆಯ ಫಲ ಸಿಗುತ್ತದೆ, ಆದರೆ ಎರಡನ್ನೂ ಒಂದೇ ವಾರ ಆರಂಭಿಸಬಾರದು. ಮುಖ ಉರಿದಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ. ಒಂದು ಒಗ್ಗಿದ ಮೇಲೆ ಇನ್ನೊಂದು. ಅಜೆಲಾಯಿಕ್ ಬೆಳಗ್ಗೆ, ರೆಟಿನಾಯ್ಡ್ ರಾತ್ರಿ ಎಂಬ ಹಂಚಿಕೆ ಅನುಕೂಲ. ಮೊಡವೆಯ ಇನ್ನೊಂದು ಔಷಧವಾದ ಬೆಂಜಾಯಿಲ್ ಪೆರಾಕ್ಸೈಡ್ ಬಳಸುತ್ತಿದ್ದರೆ ಅದನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅದು ದಿಂಬಿನ ಹೊದಿಕೆಯ, ಟವೆಲ್ಲಿನ ಬಣ್ಣವನ್ನೂ ತಿನ್ನುತ್ತದೆ. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಮ್ಲಗಳ ಸೀರಮ್‌ಗಳನ್ನು ಮೊದಲ ಎರಡು ತಿಂಗಳು ದೂರವಿಡುವುದೇ ನನ್ನ ಸಲಹೆ. ಒಂದು ಮುಖಕ್ಕೆ ಮೂರು ಆಮ್ಲಗಳ ಅಗತ್ಯ ಬಹಳ ಕಡಿಮೆ ಜನರಿಗಿದೆ.

ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್‌ಗಳನ್ನು ಇದರೊಂದಿಗಂತೂ ಹಚ್ಚಲೇಬಾರದು. ಕಡಲೆಹಿಟ್ಟನ್ನು ಬಿಡಲು ಮನಸ್ಸಿಲ್ಲದವರು ಅದನ್ನು ತಿಕ್ಕದೆ, ಹಗುರಾಗಿ ಸವರಿ ತೊಳೆಯಲಿ. ನೈಲಾನ್ ಬಲೆಯಿಂದ ಮೈಕೈ ತಿಕ್ಕುವ ರೂಢಿಯಿಂದಲೇ ಮೂಳೆಗಳ ಮೇಲಿನ ಚರ್ಮ ಕಪ್ಪಾಗುವ ತೊಂದರೆಯನ್ನು ಚರ್ಮವೈದ್ಯರು ಭಾರತದಲ್ಲಿ ಚೆನ್ನಾಗಿ ಬಲ್ಲರು. ಆ ಕಪ್ಪನ್ನು ಕೊಳೆಯೆಂದು ಭಾವಿಸಿ ಇನ್ನಷ್ಟು ತಿಕ್ಕುವುದು ಅದರ ಮುಂದಿನ ಅಧ್ಯಾಯ.

ಸ್ಟೀರಾಯ್ಡ್ ಕ್ರೀಮಿನಿಂದ ಬಂದವರಿಗೆ

ನೆರೆಯವರ ಮಾತು ಕೇಳಿ, ಅಂಗಡಿಯವರು ಕೊಟ್ಟದ್ದನ್ನು ನಂಬಿ, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆತ ಕ್ರೀಮನ್ನು ದಿನನಿತ್ಯದ ಫೇರ್‌ನೆಸ್ ಕ್ರೀಮಿನಂತೆ ಹಚ್ಚಿದವರು ನಮ್ಮಲ್ಲಿ ಬಹಳ. ಮೂರು ವಾರದಲ್ಲಿ ಮುಖ ಹೊಳೆಯುತ್ತದೆ, ಮೂರು ತಿಂಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಆದ್ದರಿಂದ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರ ಸಂಘಟನೆಯ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಕೇಳದೆ ಕೊಡುವ ಅಂಗಡಿಗಳು ಇಂದಿಗೂ ಇವೆ.

ಇಂಥ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರು ಅದನ್ನು ಇವತ್ತು ಬಿಟ್ಟು ನಾಳೆಯಿಂದ ಅಜೆಲಾಯಿಕ್ ಹಚ್ಚಬಾರದು. ತೆಳುವಾದ ಆ ಚರ್ಮ ಅದನ್ನು ತಾಳುವುದಿಲ್ಲ. ಸ್ಟೀರಾಯ್ಡ್ ಬಿಡುವ ಕ್ರಮವನ್ನೇ ಚರ್ಮವೈದ್ಯರಿಂದ ಪಡೆಯಬೇಕು. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಅಜೆಲಾಯಿಕ್ ಆಮ್ಲ ಸ್ಟೀರಾಯ್ಡ್ ಅಲ್ಲ, ಚರ್ಮವನ್ನು ತೆಳುವಾಗಿಸುವುದೂ ಇಲ್ಲ.

ಬಸಿರು, ಬಾಣಂತನ, ಹದಿಹರೆಯ

ಬಸಿರಿನಲ್ಲಿ ಮೊಡವೆಯೂ ಬಂಗೂ ಹೆಚ್ಚುವುದುಂಟು. ಅದೇ ಹೊತ್ತಿಗೆ ರೆಟಿನಾಯ್ಡ್‌ಗಳು ನಿಷಿದ್ಧ, ಹೈಡ್ರೊಕ್ವಿನೋನ್ ಬೇಡ ಎನ್ನುತ್ತಾರೆ. ಆಗ ವೈದ್ಯರ ಕೈಯಲ್ಲಿ ಉಳಿಯುವ ಕೆಲವೇ ಆಯ್ಕೆಗಳಲ್ಲಿ ಅಜೆಲಾಯಿಕ್ ಆಮ್ಲ ಮುಂದಿನ ಸಾಲಿನಲ್ಲಿದೆ. ಶೇಕಡಾ 20ರ ಕ್ರೀಮು ಹಚ್ಚಿದಾಗ ರಕ್ತಕ್ಕೆ ಸೇರುವುದು ಹಚ್ಚಿದ್ದರಲ್ಲಿ ಸುಮಾರು ಶೇಕಡಾ 4ರಷ್ಟು ಮಾತ್ರ. ಆದರೂ ಹೆರಿಗೆ ವೈದ್ಯರಿಗೆ ಒಮ್ಮೆ ಟ್ಯೂಬನ್ನು ತೋರಿಸಿಯೇ ಆರಂಭಿಸಿ. ಹಾಲುಣಿಸುವ ತಾಯಂದಿರು ಎದೆಯ ಭಾಗಕ್ಕೆ ಹಚ್ಚದಿದ್ದರೆ, ಹಚ್ಚಿದ ಮುಖ ಒಣಗುವವರೆಗೆ ಮಗುವನ್ನು ಕೆನ್ನೆಗೆ ಒತ್ತಿಕೊಳ್ಳದಿದ್ದರೆ ಸಾಕು. ಹನ್ನೆರಡು ವರ್ಷ ದಾಟಿದ ಮಕ್ಕಳ ಮೊಡವೆಗೂ ವೈದ್ಯರು ಇದನ್ನು ಕೊಡುತ್ತಾರೆ. ಆ ವಯಸ್ಸಿನವರಿಗೆ ದಿನಕ್ಕೊಮ್ಮೆ ಹಚ್ಚಿಸುವುದೇ ಮನೆಯವರಿಗೊಂದು ಸಾಹಸ. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿ ಟ್ಯೂಬು ಇಟ್ಟರೆ ನೆನಪು ಉಳಿದೀತು.

ಎಷ್ಟು ದಿನ, ಯಾವಾಗ ನಿಲ್ಲಿಸುವುದು

ಆರಂಭದ ದಿನ, ಒಂದೇ ಕಿಟಕಿಯ ಮುಂದೆ, ಒಂದೇ ಹೊತ್ತಿನಲ್ಲಿ, ಮುಖದ ಮೂರು ಫೋಟೊ ತೆಗೆದಿಡಿ: ನೇರ, ಎಡ, ಬಲ. ನಾಲ್ಕು ವಾರಕ್ಕೊಮ್ಮೆ ಹಾಗೆಯೇ ತೆಗೆಯಿರಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ, ಫೋಟೊಗೆ ಕಾಣುತ್ತದೆ. ಫೋನಿನ ಬ್ಯೂಟಿ ಫಿಲ್ಟರ್ ಆರಿಸಿರಬೇಕೆಂಬುದನ್ನು ಹೇಳಬೇಕಾಗಿಲ್ಲವಾದರೂ ಹೇಳುತ್ತೇನೆ.

ಮೊಡವೆ ಇಳಿಯತೊಡಗಲು ಸುಮಾರು ನಾಲ್ಕು ವಾರ, ಚೆನ್ನಾಗಿ ಹತೋಟಿಗೆ ಬರಲು ಎರಡು ಮೂರು ತಿಂಗಳು ಬೇಕು. ಮೊಡವೆಯ ಕಲೆಗೆ ಮೂರರಿಂದ ಆರು ತಿಂಗಳು, ಬಂಗಿಗೆ ಆರು ತಿಂಗಳು. ರೊಸೇಶಿಯಾದಲ್ಲಿ ಹನ್ನೆರಡು ವಾರಕ್ಕೂ ಏನೂ ಬದಲಾಗದಿದ್ದರೆ ವೈದ್ಯರ ಬಳಿ ಮತ್ತೆ ಹೋಗಬೇಕು. ಮೊಡವೆಯಲ್ಲಿ ಮೂರು ತಿಂಗಳಿಗೂ ಫೋಟೊಗಳು ಒಂದೇ ರೀತಿ ಇದ್ದರೆ, ಅಳತೆ ಸರಿಯಿತ್ತೇ ಎಂದು ನೋಡಿಕೊಂಡು, ಸರಿಯಿದ್ದರೆ ದಾರಿ ಬದಲಿಸಬೇಕು. ಹೆಣ್ಣುಮಕ್ಕಳಲ್ಲಿ ಗದ್ದದ ಸುತ್ತ ಮೊಡವೆ, ಮುಟ್ಟಿನ ಏರುಪೇರು, ಮುಖದಲ್ಲಿ ಕೂದಲು ಒಟ್ಟಿಗೆ ಇದ್ದರೆ ಹಾರ್ಮೋನು ಪರೀಕ್ಷೆಗೆ ಅಷ್ಟು ಕಾಯಬೇಕಾಗಿಯೂ ಇಲ್ಲ.

ಕಲೆ ತಿಳಿಯಾದ ಮೇಲೆ ಒಮ್ಮೆಲೇ ಬಿಡದೆ, ದಿನಕ್ಕೊಮ್ಮೆಗೆ, ಆಮೇಲೆ ವಾರಕ್ಕೆ ಮೂರು ಬಾರಿಗೆ ಇಳಿಸಿ. ಬಂಗು ಇದ್ದವರು ಬೇಸಿಗೆ ಕಾಲಿಡುವ ಮುನ್ನ, ಎಂದರೆ ಫೆಬ್ರವರಿಯ ಹೊತ್ತಿಗೆ, ಮತ್ತೆ ಪ್ರತಿದಿನದ ಕ್ರಮಕ್ಕೆ ಬರುವುದು ಒಳ್ಳೆಯದು, ಏಕೆಂದರೆ ಬಂಗು ಮರುಕಳಿಸುವ ಸ್ವಭಾವದ್ದು. ಟ್ಯೂಬನ್ನು ಕಾರಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೆಯೇ ಬರೆದುಕೊಂಡರೆ, ಎಷ್ಟು ದಿನ ಬಂದಿತೆಂಬ ಮೇಲಿನ ಲೆಕ್ಕಕ್ಕೂ, ಅವಧಿ ಮೀರಿತೇ ಎಂದು ನೋಡುವುದಕ್ಕೂ ಒದಗುತ್ತದೆ.